ಈಗ ಬಂದೆ

“ಮೀಸೆ ಪೂರ್ತಿ ತೆಗೆದುಬಿಡು,” ಎಂದು ಚಿಕ್ಕಪ್ಪ ಕುರ್ಚಿಯಲ್ಲಿ ಕೂತ. ಅವನ ಕೊರಳಿಗೆ ಬಟ್ಟೆ ಕಟ್ಟುತ್ತಿದ್ದ ಕ್ಷೌರಿಕ ಗಂಟನ್ನು ಅರ್ಧಕ್ಕೇ ಬಿಟ್ಟು, “ಆಗಲ್ಲ,” ಎಂದ.

ಚಿಕ್ಕಪ್ಪ ಯಾರ ಚಿಕ್ಕಪ್ಪನೂ ಅಲ್ಲ. ಜನ ಊಟದ ತಟ್ಟೆ ಹಿಡಿದುಕೊಂಡು ನೋಡುವ ಒಂದು ಧಾರಾವಾಹಿಯಲ್ಲಿ ದೊಡ್ಡ ಮನೆಯ ಚಿಕ್ಕಪ್ಪನ ಪಾತ್ರ ಮಾಡಿದವನು. ಒಂದು ದಿನ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ, “ಕನ್ನಡಕ ಮೇಲೇ ಬಿಟ್ಟೆ, ಈಗ ಬಂದೆ,” ಎಂದು ಮಹಡಿ ಮೆಟ್ಟಿಲು ಹತ್ತಿದ. ಹತ್ತಿದವನು ಇಳಿಯಲಿಲ್ಲ. ಆಮೇಲೆ ಆ ಮನೆಯಲ್ಲಿ ಎರಡು ಮದುವೆಯಾಯಿತು, ಒಂದು ವಿಷಪ್ರಯೋಗವಾಯಿತು, ಹಿರಿಸೊಸೆಯ ನೆನಪು ಹೋಗಿ ಮತ್ತೆ ಬಂತು. ಚಿಕ್ಕಪ್ಪ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಯಾವಾಗ ಬೇಕಾದರೂ ಕರೆಯುತ್ತೇವೆ, ಮೀಸೆ ಮಾತ್ರ ಹೀಗೇ ಇರಲಿ ಎಂದು ಶೂಟಿಂಗಿನವರು ಹೇಳಿದ್ದರು. ಅಂದಿನಿಂದ ಅವನು ವಾರಕ್ಕೊಮ್ಮೆ ಇಲ್ಲಿಗೆ ಬಂದು ಮೀಸೆಯನ್ನು ಆವತ್ತಿನ ಅಳತೆಗೇ ಕತ್ತರಿಸಿಕೊಳ್ಳುತ್ತಿದ್ದ. ಎಡತುದಿ ಕೊಂಚ ಮೇಲೆ, ಬಲತುದಿ ಕೊಂಚ ಕೆಳಗೆ. ತಪ್ಪಬಾರದೆಂದು ಆವತ್ತಿನ ಫೋಟೊವನ್ನು ಕನ್ನಡಿಯ ಮೂಲೆಗೆ ಅಂಟಿಸಿದ್ದರು. ಟೀವಿಯಲ್ಲಿ ಬಂದ ಈ ಮೀಸೆ ನನ್ನ ಕೈಯದು ಎಂದು ಕ್ಷೌರಿಕ ಹೊಸ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ.

ಈಗ ಇನ್ನೊಂದು ಧಾರಾವಾಹಿಯವರು ಕರೆದಿದ್ದರು. ಡಾಕ್ಟರ್ ಪಾತ್ರ. ಮೀಸೆ ಇರಕೂಡದು. ಸಂಜೆಯೊಳಗೆ ಬೋಳು ಮುಖದಲ್ಲಿ ಬಂದು ನಿಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಇಷ್ಟನ್ನೂ ಕೇಳಿಸಿಕೊಂಡ ಕ್ಷೌರಿಕನ ಮುಖ ಇನ್ನಷ್ಟು ಗಂಟಾಯಿತು.

“ತೆಗೆದುಬಿಟ್ಟರೆ ಮೇಲಿಂದ ಹೇಗೆ ಇಳಿದು ಬರ್ತೀರಿ ಚಿಕ್ಕಪ್ಪ? ಹತ್ತುವಾಗ ಇದ್ದ ಮೀಸೆ ಇಳಿಯುವಾಗ ಇರಬೇಡವಾ?”

“ಆ ಮನುಷ್ಯ ಸತ್ತು ಯಾವ ಕಾಲವಾಯ್ತು,” ಎಂದು ಬೆಂಚಿನ ಮೇಲಿಂದ ಟೇಲರ್ ಹೇಳಿದ. ಪಕ್ಕದಂಗಡಿಯವನು. ಅವನ ತಲೆಯಲ್ಲಿ ಕತ್ತರಿಸುವಂಥದ್ದು ಏನೂ ಉಳಿದಿರಲಿಲ್ಲ. ದಿನಾ ಬರುತ್ತಿದ್ದುದು ಪೇಪರಿಗೆ ಮತ್ತು ಜಗಳಕ್ಕೆ.

ಅವನ ಪಕ್ಷ ಪೊಲೀಸ್ ಧಾರಾವಾಹಿಯದು. ಅಲ್ಲಿ ಮೊದಲ ದೃಶ್ಯದಲ್ಲೇ ಹೆಣವಾಗಿ ಬಿದ್ದವನಿಗೂ ಒಬ್ಬ ತಾಯಿ ಇರುತ್ತಾಳೆ, ಹೊಲಿಯಲು ಕೊಟ್ಟು ವಾಪಸು ತೆಗೆದುಕೊಳ್ಳದ ಒಂದು ಅಂಗಿ ಇರುತ್ತದೆ. ಅದು ದೊಡ್ಡ ಧಾರಾವಾಹಿ ಎಂದು ಅವನ ವಾದ. ವಾರಕ್ಕೊಬ್ಬರನ್ನು ಕೊಲ್ಲುವುದು ಯಾವ ದೊಡ್ಡತನ, ದೊಡ್ಡ ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಂದು ಜೀವ ಹೋಗಿಲ್ಲ ಎಂದು ಕ್ಷೌರಿಕನ ವಾದ. ಕೊಲ್ಲುವುದಿಲ್ಲ, ಮರೆಯುತ್ತಾರೆ, ಅದಕ್ಕಿಂತ ಕೊಲ್ಲುವುದೇ ಮರ್ಯಾದೆ ಎಂದ ಟೇಲರ್. ಸೊಸೆಯ ಕಾಲು ಉಳುಕಿದರೆ ವಾರಗಟ್ಟಲೆ ಅಳುವ ಮನೆಯಲ್ಲಿ ಊಟದ ಒಂದು ತಟ್ಟೆ ಹಾಗೇ ಉಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ, ಆ ಅಳುವೆಲ್ಲ ಬರೀ ಗ್ಲಿಸರಿನ್.

ಕ್ಷೌರಿಕ ಬಾಚಣಿಗೆ ಕೆಳಗಿಟ್ಟ. “ಅಣ್ಣ, ಹತ್ತುವಾಗ ಇವರು ಏನಂದ್ರು ನೆನಪಿದೆಯಾ? ‘ಬರ್ತೀನಿ’ ಅನ್ನಲಿಲ್ಲ. ‘ಬಂದೆ’ ಅಂದ್ರು. ಬರ್ತೀನಿ ಅಂದವನು ಬರದೇ ಇರಬಹುದು. ಬಂದೆ ಅಂದವನು ಬಂದ ಹಾಗೇ ಲೆಕ್ಕ.”

“ನಾನೂ ಗಿರಾಕಿಗಳಿಗೆ ‘ಇದೋ, ಹೊಲಿದೆ’ ಅಂತೀನಿ. ಬಟ್ಟೆ ಇನ್ನೂ ಕಟ್ಟಿದ ಗಂಟಿನಲ್ಲೇ ಇರುತ್ತೆ.”

ಇಬ್ಬರೂ ತೀರ್ಪಿಗಾಗಿ ಚಿಕ್ಕಪ್ಪನ ಕಡೆ ತಿರುಗಿದರು. ಅವನು ಕನ್ನಡಿಯಲ್ಲಿ ತನ್ನ ಮೀಸೆಯನ್ನೇ ನೋಡುತ್ತಿದ್ದ. ಮೊನ್ನೆ ತಾನೇ ಹಳೇ ಶೂಟಿಂಗಿನವರಿಗೆ ಫೋನ್ ಮಾಡಿ ವಿಚಾರಿಸಿದೆ ಎಂದ. ಫೋನ್ ತೆಗೆದ ಹುಡುಗಿ “ಯಾವ ಚಿಕ್ಕಪ್ಪ?” ಎಂದು ಕೇಳಿದಳಂತೆ. ಮೆಟ್ಟಿಲಿಗೆ ಹಸಿರು ಬಣ್ಣ ಬಳಿದು ಬೇರೆ ಧಾರಾವಾಹಿಗೆ ಸಾಗಿಸಿದ್ದಾರಂತೆ.

“ಮೇಲೆ ಕೋಣೆಯೇ ಇಲ್ಲ ಕಣಯ್ಯ. ಮೆಟ್ಟಿಲು ಮುಗಿದ ಕಡೆ ಒಂದು ಹಲಗೆ ಅಷ್ಟೇ. ಅವರು ‘ಕಟ್’ ಅನ್ನೋ ತನಕ ಅದರ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೆ.”

ಎಷ್ಟೋ ಸಲ ಆ ಕೋಣೆಯಲ್ಲಿ ಮಂಚ ಎಲ್ಲಿ, ಕಿಟಕಿ ಎಲ್ಲಿ ಎಂದು ಕ್ಷೌರಿಕ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ.

“ಹಾಗಾದ್ರೆ ಕನ್ನಡಕ?”

“ಜೇಬಲ್ಲೇ ಇತ್ತು.”

ಕ್ಷೌರಿಕ ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ಹಚ್ಚಿದ. ವಾರವಾರ ತಿದ್ದಿದ ಅಭ್ಯಾಸಕ್ಕೆ ರೇಜರ್ ಮೊದಲು ಎಡತುದಿಗೇ ಹೋಯಿತು. ಮುಗಿದಾಗ ಮೂಗಿನ ಕೆಳಗಿನ ಜಾಗ, ವರ್ಷಗಟ್ಟಲೆ ನೇತಾಡಿದ ಗಡಿಯಾರ ತೆಗೆದ ಗೋಡೆಯ ಹಾಗೆ ಬೆಳ್ಳಗಿತ್ತು. ಕನ್ನಡಿಯ ಮೂಲೆಯ ಫೋಟೊದವನು ಈಗ ಬೇರೆ ಯಾರೋ ಆಗಿದ್ದ. ಟೇಲರ್ ಕೂಡ ಪೇಪರ್ ಹಿಡಿದುಕೊಂಡೇ ಎದ್ದು ಬಂದು ಹಿಂದೆ ನಿಂತ.

“ಇರಲಿ, ಡಾಕ್ಟರ್ ಅಂದ್ರೆ ದೊಡ್ಡ ಪಾತ್ರವೇ,” ಎಂದು ಕ್ಷೌರಿಕ ಮುಖಕ್ಕೆ ಪಟಿಕದ ಕಲ್ಲು ಉಜ್ಜುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡ. “ಮಾತು ಏನಿದೆ, ಹೇಳಿ ನೋಡೋಣ.”

ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಪಡಿಸಿಕೊಂಡ. ದನಿ ನಿಜಕ್ಕೂ ಡಾಕ್ಟರದ್ದೇ ಆಯಿತು. “‘ಗಾಬರಿ ಆಗಬೇಡಿ. ಎಲ್ಲ ಸರಿಹೋಗುತ್ತೆ. ನೀವು ಇಲ್ಲೇ ಕೂತಿರಿ.’”

“ಆಮೇಲೆ?”

“ಆಮೇಲೆ ಆಪರೇಷನ್ ಥಿಯೇಟರಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗೋದು. ಹೋಗ್ತಾ…” ಅವನು ತಡವರಿಸಿದ. “ಹೋಗ್ತಾ, ‘ಈಗ ಬಂದೆ’ ಅನ್ನಬೇಕು.”

ಪಟಿಕ ಹಿಡಿದ ಕೈ ಗಲ್ಲದ ಮೇಲೇ ನಿಂತಿತು. ಚಿಕ್ಕಪ್ಪನ ಬೆರಳು ಮೀಸೆಯ ಎಡತುದಿ ತಿರುವಲು ಹೋಗಿ, ಅಲ್ಲಿ ಏನೂ ಸಿಗದೆ, ಗಾಳಿಯಲ್ಲೇ ಉಳಿಯಿತು.

ಟೇಲರ್ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡ. “ಒಳಗೆ ಕೋಣೆ ಇದೆಯಾ,” ಎಂದು ಮೆಲ್ಲಗೆ ಕೇಳಿದ, “ವಿಚಾರಿಸಿದ್ರಾ?”