ಕರೆಯ ಮೇಲೆ ಹಾಡು

"ಗಾಡಿಯಲ್ಲಿ ಬಾಣಂತಿ ಇದ್ದಾಳೆ, ರಕ್ತ ನಿಲ್ತಿಲ್ಲ, ಯಾವ ಆಸ್ಪತ್ರೆಗೆ..." ಎನ್ನುವಷ್ಟರಲ್ಲಿ ಆಂಬುಲೆನ್ಸ್ ಚಾಲಕನ ದನಿ ಮುಳುಗಿಹೋಯಿತು. ಅದರ ಮೇಲೆ ಯಾರೋ ಒಬ್ಬಳು ನಗುನಗುತ್ತ ಸೋಪಿನ ಗುಣಗಾನ ಮಾಡಿದಳು. ಆಮೇಲೆ ಹಾಡು.

ಗುಡ್ಡದ ತುದಿಯ ತಗಡಿನ ಕೋಣೆಯಲ್ಲಿ ಮೆಕ್ಯಾನಿಕ್ ಹಲ್ಲು ಕಚ್ಚಿ ನಿಂತ. ಅವನ ಮುಂದಿದ್ದದ್ದು ರಿಪೀಟರ್ ಪೆಟ್ಟಿಗೆ. ಆಂಬುಲೆನ್ಸುಗಳ ಕ್ಷೀಣ ದನಿಯನ್ನು ಹಿಡಿದು, ದೊಡ್ಡದು ಮಾಡಿ, ತನ್ನ ಟವರಿನಿಂದ ಗುಡ್ಡದಾಚೆಗೆ ಮುಟ್ಟಿಸುವುದು ಅದರ ಕೆಲಸ. ಅಂಥದ್ದರ ಬಾಯಿಗೆ ಯಾರೋ ಹಾಡು ತುರುಕುತ್ತಿದ್ದರು. ಯಾರೋ ಏನು ಬಂತು, ಯಾರೆಂದು ಅವನಿಗೆ ಗೊತ್ತಿತ್ತು. ಕೂಗಳತೆಯಲ್ಲೇ ಎಫ್‌ಎಂ ಸ್ಟೇಷನ್ನಿನ ಟವರು. ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಆಪರೇಟರ್ ಬೇರೆ ಯಾರೂ ಅಲ್ಲ, ಅವನ ಒಡಹುಟ್ಟಿದ ತಂಗಿಯ ಗಂಡ.

ಗಾಡಿ ಅಂದು ಬಾಗಿಲು ಹಾಕಿದ ಆಸ್ಪತ್ರೆಗೆ ಹೋಗಿ, ತಿರುಗಿಕೊಂಡು, ಇನ್ನೊಂದಕ್ಕೆ ಓಡಿತು. ಬಾಣಂತಿ ಉಳಿದಳು. ದೇವರು ದೊಡ್ಡವನು, ಆದರೆ ದಿನಾ ಅವನನ್ನೇ ಓಡಾಡಿಸುವುದು ಸರಿಯಲ್ಲ ಎಂದುಕೊಂಡು ಮೆಕ್ಯಾನಿಕ್ ವೈರ್‌ಲೆಸ್ ಇಲಾಖೆಗೆ ದೂರು ಕೊಟ್ಟ. ಸ್ಟೇಷನ್ನಿಗೆ ಬೀಗ ಬೀಳುವ ತನಕ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ.

ಮೊದಲು ಹೀಗಿರಲಿಲ್ಲ. ಭಾವಂದಿರಿಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಹೋದ ವರ್ಷ ಆಪರೇಟರ್ ತನ್ನ ಜನರೇಟರ್ ಶೆಡ್ಡನ್ನು ಈ ಕೋಣೆಯ ಬಾಗಿಲ ತನಕ ಎಳೆದ. ಹೊಗೆಯೆಲ್ಲ ಇವನ ಮೂಗಿಗೆ. ಮಾತಿಗೆ ಮಾತು ಬೆಳೆದು, ಸತ್ತು ಸ್ವರ್ಗದಲ್ಲಿದ್ದ ಹಿರಿಯರನ್ನೂ ಕೆಳಗೆಳೆದು ಬಯ್ದದ್ದಾಯಿತು. ಮರುದಿನ ಮೆಕ್ಯಾನಿಕ್ ಗುಜರಿಯಿಂದ ಹಳೆಯ ಮುಳ್ಳುತಂತಿ ತಂದು ನಡುವೆ ಬೇಲಿ ಎಳೆದ. ತಂತಿ ಸಾಲದ ಕಡೆ ತುಂಡಿಗೆ ತುಂಡು ಹೆಣೆದ. ಗುಡ್ಡವನ್ನು ಮಾಡಿದವನು ಇಬ್ಬರಿಗೆ ಸಾಲುವಷ್ಟು ಅಗಲವಾಗಿಯೇ ಮಾಡಿದ್ದ, ಇವರಿಗೇ ಸಾಲಲಿಲ್ಲ. ಆ ಮಳೆಗಾಲ ಕಳೆದ ಮೇಲೆ ಹಾಡು ಶುರುವಾಯಿತು.

ಸೇಡು ಎಂಬುದಕ್ಕೆ ಅವನ ಬಳಿ ಸಾಕ್ಷಿ ಬೇಕಾದಷ್ಟಿತ್ತು. ಪೆಟ್ಟಿಗೆ ಸುಮ್ಮನಿದ್ದಾಗ ಹಾಡಿಲ್ಲ. ಚಾಲಕನೊಬ್ಬ ಬಾಯಿ ತೆರೆದರೆ ಸಾಕು, ಹೊಂಚು ಹಾಕಿ ಕೂತವರ ಹಾಗೆ ಮೇಲೆ ಬೀಳುತ್ತದೆ. ಮಳೆ ಬಂದ ದಿನ ಹಾಡಿಲ್ಲ. ಮಳೆ ಬಂದ ದಿನ ಸ್ಟೇಷನ್ ತಾನಾಗಿ ನಡೆಯುತ್ತದೆ, ಆಪರೇಟರ್ ಗುಡ್ಡ ಹತ್ತುವುದಿಲ್ಲ. ಒಮ್ಮೆ ಅವರ ಯಂತ್ರ ಕೆಟ್ಟು ಸ್ಟೇಷನ್ ನಿಂತಾಗ ಕರೆಗಳೆಲ್ಲ ಗಂಟೆ ಬಾರಿಸಿದಷ್ಟು ಸ್ಪಷ್ಟ. ಇನ್ನೇನು ಬೇಕು?

ತಂಗಿ ಮನೆ ತನಕ ಬಂದು ಕೇಳಿಕೊಂಡಳು. "ಅಣ್ಣ, ಅಲ್ಲಿ ಬೀಗ ಬಿದ್ರೆ ನಮ್ಮ ಒಲೆ ಆರಿಹೋಗುತ್ತೆ. ಅವರು ಅಂಥ ಕೆಟ್ಟವರಲ್ಲ."

"ಕಟ್ಕೊಂಡವಳು ನೀನು, ಹಾಗನ್ನಲೇಬೇಕು."

"ನೋಡಿ ಒಪ್ಪಿ ಕೊಟ್ಟವನು ನೀನು."

ಆ ಮಾತು ನಿಜವಾದ್ದರಿಂದ ಅವನ ಸಿಟ್ಟು ಇನ್ನೂ ಏರಿತು.

ಇಲಾಖೆಯಿಂದ ಇನ್‌ಸ್ಪೆಕ್ಟರಮ್ಮ ಬಂದರು. ಒಂದು ಕೈಯಲ್ಲಿ ರಿಸೀವರ್, ಇನ್ನೊಂದರಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ.

"ನೆಂಟಸ್ತಿಕೆ ನೋಡಬೇಡಿ ಮೇಡಂ," ಎಂದ ಮೆಕ್ಯಾನಿಕ್. "ತಪ್ಪು ಯಾರದೇ ಇರಲಿ, ಬುಡಸಮೇತ ಕೀಳಿಸಿ."

"ಹಾಗೇ ಬರ್ಕೊಳ್ಳಿ ಮೇಡಂ," ಎಂದ ಆಪರೇಟರ್ ಬೇಲಿಯಾಚೆಯಿಂದ. "ಭಾವನೋರು ಅಂದ್ರೆ ಶಾಸನ ಕೆತ್ತಿದ ಹಾಗೆ."

ಕರೆ ಬಂದಾಗಿನ ಹಾಗೆ ಪೆಟ್ಟಿಗೆ ಅಲೆ ಬಿಡುತ್ತಲೇ ಇರಲೆಂದು ಅದರ ಗುಂಡಿ ಹಾಕಿಸಿ, ಅವರು ಮೊದಲು ಸ್ಟೇಷನ್ ನಿಲ್ಲಿಸಿದರು. ಪೆಟ್ಟಿಗೆಯಲ್ಲಿ ಹಾಡಿಲ್ಲ. ಮೆಕ್ಯಾನಿಕನ ಎದೆ ಉಬ್ಬಿತು. ಸ್ಟೇಷನ್ ಮತ್ತೆ ಶುರು ಮಾಡಿಸಿ, "ಈಗ ನಿಮ್ಮದನ್ನ ಆರಿಸಿ," ಎಂದರು.

"ಜನರ ಜೀವ ಇದರಲ್ಲಿದೆ ಮೇಡಂ. ಒಂದು ಸಲಾನೂ ಆರಿಸಿಲ್ಲ."

"ಅದಕ್ಕೇ ಆರಿಸಿ ಅಂತಿರೋದು. ಆಂಬುಲೆನ್ಸ್ ಆಫೀಸಿಗೆ ಹೇಳಿದ್ದೀನಿ."

ಆರಿಸಿದ. ಪೆಟ್ಟಿಗೆ ಯಾವ ಅಲೆಗೆ ಕಿವಿಗೊಡುತ್ತಿತ್ತೋ ಅದೇ ಅಲೆಗೆ ತಮ್ಮ ರಿಸೀವರ್ ತಿರುಗಿಸಿ ಆಲಿಸಿದರು. ಆಚೆ ಸ್ಟೇಷನ್ ಪೂರ್ತಿ ಜೋರಿನಲ್ಲಿ ನಡೆಯುತ್ತಿತ್ತು. ಇಲ್ಲಿ ಮಾತ್ರ ಹಾಡಿನ ಸುಳಿವಿಲ್ಲ.

ಆಪರೇಟರ್ ನಕ್ಕ. "ಕಳ್ಳ ಅತ್ತೆ ಮನೆಯೋರ ಪೆಟ್ಟಿಗೇಲೇ ಕೂತಿದ್ದ ನೋಡಿ."

ಮೆಕ್ಯಾನಿಕನ ಮುಖ ಕಪ್ಪಿಟ್ಟಿತು. ಇನ್‌ಸ್ಪೆಕ್ಟರಮ್ಮ ಎರಡೂ ಯಂತ್ರ ಚಾಲೂ ಮಾಡಿಸಿದರು. ಹಾಡು ಬಂತು. ಕೋಣೆಯ ಬಾಗಿಲಲ್ಲಿ ನಿಂತು ಆಂಟೆನಾ ತಿರುಗಿಸಿದರು. ಅದು ಆಪರೇಟರನ ಕಡೆಗೇ ಬೆರಳು ಮಾಡಿತು.

"ಕಣ್ಣಾರೆ ಕಂಡ್ರಲ್ಲ," ಎಂದ ಮೆಕ್ಯಾನಿಕ್. "ತಂಗಿ ಮುಖ ನೋಡಿ ಇಷ್ಟು ದಿನ ತಡ್ಕೊಂಡೆ."

ಅವರು ಬೇಲಿ ಸುತ್ತಿ ಆಚೆ ಹೋಗಿ, ಸ್ಟೇಷನ್ನಿನ ಬಾಗಿಲಲ್ಲಿ ನಿಂತು ತಿರುಗಿಸಿದರು. ಈಗ ಅದು ಮೆಕ್ಯಾನಿಕನ ಎದೆಗೇ ಗುರಿಯಿಟ್ಟಿತು.

"ನನ್ನ ಸಂಬಳಕ್ಕೆ ಕಲ್ಲು ಹಾಕೋಕೆ ಎಷ್ಟು ಕಷ್ಟಪಟ್ಟಿದ್ದಾರೆ ಪಾಪ," ಎಂದ ಆಪರೇಟರ್.

ಇನ್‌ಸ್ಪೆಕ್ಟರಮ್ಮ ಆಂಟೆನಾ ಚಾಚಿಕೊಂಡೇ ಒಂದೊಂದು ಹೆಜ್ಜೆ ಮುಂದೆ ಬಂದರು. ಹೆಜ್ಜೆಗೊಮ್ಮೆ ಹಾಡು ಜೋರಾಯಿತು. ಬೇಲಿಯ ಹತ್ತಿರ ನಿಂತರು. ಮುಳ್ಳು ತಪ್ಪಿಸಿ, ತುಂಡಿಗೆ ತುಂಡು ಹೆಣೆದ ಒಂದು ಗಂಟನ್ನು ಹಿಡಿದು ಅಲುಗಿಸಿದರು. ಹಾಡು ಗಕ್ಕನೆ ನಿಂತಿತು. ಬಿಟ್ಟರು. ಮತ್ತೆ ಹಾಡಿತು.

"ಕರೆ ಬಂದು ಪೆಟ್ಟಿಗೆ ಅಲೆ ಬಿಟ್ಟಾಗ, ತುಕ್ಕಿಗೆ ತುಕ್ಕು ತಾಗಿದ ಕಡೆ ಎರಡೂ ಟವರಿನ ಅಲೆ ಬೆರೆತು ಮೂರನೇದು ಹುಟ್ಟುತ್ತೆ. ಅದು ನೇರವಾಗಿ ಪೆಟ್ಟಿಗೆ ಕಿವಿಗೆ ಹೋಗ್ತಿದೆ. ಮಳೇಲಿ ನೆಂದ್ರೆ ಸುಮ್ಮನಾಗುತ್ತೆ, ಒಣಗಿದ್ರೆ ಶುರು. ನಿಮ್ಮಿಬ್ಬರ ಯಂತ್ರದಲ್ಲೂ ದೋಷ ಇಲ್ಲ," ಎಂದು ಅಂಗೈಯ ತುಕ್ಕು ಕೊಡವಿಕೊಂಡರು. "ಈ ಬೇಲಿ ಹಾಕಿದ್ದು ಯಾರು?"

ಆಪರೇಟರ್ ದನಿ ತಗ್ಗಿಸಿ ಹೇಳಿದ: "ಭಾವನೋರೇ, ನಿಮ್ಮನ್ನೇ ಕೇಳ್ತಿರೋದು."