ಆಪಾಳ ಕುರ್ಚಿ

"ಏ ಗುಬ್ಬೀ, ಚಷ್ಮಾ ಮನ್ಯಾಗ ಮರೆತು ಬಂದೀಯಲ್ಲ!"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಭೋಸರಿಯ ಮಸೀದಿ ಪಕ್ಕದ ಮಹಡಿಯ ಕೋಣೆಯಲ್ಲಿ, ತಂದೆತಾಯಿಗೆ ಮರ್ಯಾದೆ ಕೊಡಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ ತಹಸೀನ್ ಆಪಾಳ ಮುಖ ಕೆಂಪೇರಿತು. ಮುದ್ದಿನ ಹೆಸರು ಕೇಳಿ ಮಕ್ಕಳೆಲ್ಲ ಕಿಸಕ್ಕೆಂದರು. ಇನ್ನು ಇವರು ನನ್ನ ಮಾತು ಕೇಳಿದ ಹಾಗೇ ಎಂದುಕೊಂಡಳು. ಅಮ್ಮನನ್ನು ಬೇಗ ಸಾಗಹಾಕಲು ಬಾಯಿ ತೆರೆದವಳು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಆ ಮುಖ ನೋಡಿ ತಟ್ಟನೆ ಎದ್ದಳು. ತನ್ನ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ತಾನು ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತಳು.

"ದಾದಿಮಾ, ಆಪಾ ಸಣ್ಣವರಿದ್ದಾಗ ನಿಮ್ಮ ಮಾತು ಕೇಳ್ತಿದ್ರೇನ್ರಿ?" ಎಂದಳು ಮಿಸ್ಬಾ ಎಂಬ ಹುಡುಗಿ, ಅಜ್ಜಿಯತ್ತ ತಿರುಗಿ.

"ಎಲ್ಲಿ ಕೇಳ್ತಿದ್ಲವ್ವಾ! ಕರದ್ರ ಓಡಿಹೋಗ್ತಿದ್ಲು. ಈಗ ನೋಡು, ಕುರ್ಚಿನೇ ಬಿಟ್ಟುಕೊಟ್ಲು!"

ಕೋಣೆಯೆಲ್ಲ ನಗು. ಆಪಾಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಿಸ್ಬಾಳ ತಾಯಿ ಬೀದಿಬೀದಿ ತಿರುಗಿ ತರಕಾರಿ ಮಾರುವವಳು. ಗೆಳತಿಯರು ನೋಡಿಯಾರೆಂದು ಮಗಳು, ಕರೆದೊಯ್ಯಲು ಬರುವ ಅವಳನ್ನು ದಿನವೂ ಗಲ್ಲಿಯ ತಿರುವಿನಲ್ಲೇ ನಿಲ್ಲಿಸುತ್ತಿದ್ದಳು. ಅಂದು ಪಾಠ ಮುಗಿದದ್ದೇ ತಡ, ಮಿಸ್ಬಾ ಕೆಳಗೆ ಓಡಿದಳು. ಬುಟ್ಟಿ ಹೊತ್ತ ತಾಯಿಯ ಕೈ ಹಿಡಿದು ಮೇಲಕ್ಕೆ ಎಳೆದು ತಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಆಪಾ, ಇವ್ರು ನಮ್ಮ ಅಮ್ಮಿ ರೀ!"