ಕಲಕದೆ ತೆಗೆದ ಒಂದು ಲೋಟ

ಹಾಲಿನ ಡೈರಿ ಸೆಕ್ರೆಟರಿ ನಂಜೇಶನಿಗೆ ಬಿ.ಎಸ್ಸಿ. ಓದಿದ ಹಮ್ಮು ನೆತ್ತಿಗೇರಿತ್ತು...

"ಕ್ಯಾನ್ ಆದ್ರೇನು, ಲೋಟ ಆದ್ರೇನು? ಲೀಟರ್ ಬದಲಾಗ್ತದೆ, ಹಾಲಿನ ಗಟ್ಟಿತನ ಬದಲಾಗಲ್ಲ. ಒಂದು ಲೋಟ ಸಾಕು, ನಿಮ್ ಬಂಡವಾಳ ಬಯಲು!" ಹಾಲು ಹಾಕಲು ಬಂದವರಿಗೆ ಅನ್ನುತ್ತಿದ್ದ.

ಮಾತೇನೋ ನಿಜ. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಸಾಲದೇ?

ಆದರೆ ಕೆಂಪಾಜಮ್ಮನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗಂಡನಿಲ್ಲ, ಇರುವುದು ಒಂದೇ ಹಸು... ಆದರೂ ಅವನಿಗೆ ಸಲಾಮು ಹೊಡೆಯದವಳು. ಅದಕ್ಕೇ ಅವಳು ಮೊದಲು ಬಂದರೂ ಕೊನೆಗೆ ನಿಲ್ಲಿಸುತ್ತಿದ್ದ.

ಅವತ್ತೂ ಕಾಯಿಸಿ ಕಾಯಿಸಿ, ಕೊನೆಗೆ ಅವಸರದಲ್ಲಿ ಕ್ಯಾನಿನ ಮೇಲಿಂದಲೇ ಲೋಟ ಅದ್ದಿದ. ಲ್ಯಾಕ್ಟೋಮೀಟರ್ ಇಳಿಬಿಟ್ಟ. ಹಾಲಲ್ಲಿ ನೀರಿದ್ದರೆ ಅದು ಹೆಚ್ಚು ಮುಳುಗುತ್ತದೆ.

ಮುಳುಗಿತು...

"ನೀರು! ಥೂ, ನಾಚ್ಕೆ ಆಗಲ್ವೇನಮ್ಮ ನಿಂಗೆ?"

"ಮಾದಪ್ಪನಾಣೆ ಒಂದ್ ತೊಟ್ಟೂ ಬೆರೆಸಿಲ್ಲ ಕಣಣ್ಣ... ಇನ್ನೊಂದ್ ಸಲ ನೋಡಿ."

"ಸೈನ್ಸ್ ಸುಳ್ಳು ಹೇಳಲ್ಲ!" ಎಂದವನೇ ಇಡೀ ಕ್ಯಾನನ್ನು ಚರಂಡಿಗೆ ಸುರಿದ. ಕಟ್ಟೆಯ ಮೇಲೆ ಕೂತಿದ್ದವರು ಕಿಸಕ್ಕನೆ ನಕ್ಕರು. ನಾಳೆಯಿಂದ ಡೈರಿಗೆ ಬರಬೇಡ ಅಂದುಬಿಟ್ಟ.

ಕೆಲವು ದಿನ ಕಳೆದವು...

ಒಂದು ಬೆಳಿಗ್ಗೆ ನಂಜೇಶನ ಹೆಂಡತಿ ಮನೆಯ ಹಾಲನ್ನು ಡೈರಿಯಲ್ಲಿಟ್ಟು ಹೋದಳು. ಎಲ್ಲರದೂ ಮುಗಿದ ಮೇಲೆ ಅವನು ಅದರಲ್ಲಿ ಲೋಟ ಅದ್ದಿದ. ಲ್ಯಾಕ್ಟೋಮೀಟರ್ ಮುಳುಗಿತು!

ಅಯ್ಯೋ ಶಿವನೇ! ಅವನೇ ಕೈಯಾರೆ ಕರೆದ ಹಾಲು. ನೀರೆಲ್ಲಿಂದ ಬಂತು?

ಕ್ಯಾನನ್ನು ಚೆನ್ನಾಗಿ ಕಲಕಿ, ಮತ್ತೆ ನೋಡಿದ. ಸರಿಯಾಗಿತ್ತು...

ಬಹಳ ಹೊತ್ತು ನಿಂತ ಹಾಲಿನಲ್ಲಿ ಹಗುರವಾದ ಕೆನೆ ಮೇಲೆ ಬಂದಿತ್ತು, ಅಷ್ಟೇ. ಎಲ್ಲ ಒಂದೇ ಸಮ ಬೆರೆತಿದ್ದರೆ ಮಾತ್ರ ಲೋಟ ಕ್ಯಾನಿನ ನಿಜ ಹೇಳುತ್ತದೆ. ಓದಿದ್ದನ್ನೇ ಮರೆತಿದ್ದ ಮಹಾನುಭಾವ! ಅವತ್ತು ಕೆನೆ ಕಟ್ಟುವಷ್ಟು ಹೊತ್ತು ಕೆಂಪಾಜಮ್ಮನನ್ನು ಕಾಯಿಸಿದವನೂ ತಾನೇ.

ಅವಳ ಮನೆಗೆ ಓಡಿದ. ಕೊಟ್ಟಿಗೆ ಖಾಲಿ.

"ತಪ್ಪಾಯ್ತಕ್ಕಾ... ನಾಳೆಯಿಂದ ಹಾಲು ತಗೊಂಡ್ ಬನ್ನಿ. ಎಲ್ರ ಮುಂದೆ ನಾನೇ ಹೇಳ್ತೀನಿ."

"ಹಸ ಎಲ್ಲೈತಣ್ಣ? ನೀರ್ ಬೆರ್ಸೋಳು ಅಂತ ಒಂದ್ ಮನೆಯೋರೂ ಹಾಲ್ ತಗೊಳ್ನಿಲ್ಲ. ಸಂತೇಲಿ ಮಾರ್ಬುಟ್ಟೆ."

ನಂಜೇಶನ ಕಣ್ಣು ತುಂಬಿ ಬಂತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಒಂದು ಲೋಟ ತಂದು ಅವನ ಮುಂದಿಟ್ಟಳು.

"ಬರೀ ಕರೀ ಟೀ ಕಣಣ್ಣ. ಮನೇಲಿ ಹಾಲಿಲ್ಲ... ಕುಡೀರಿ."

ಕಲಕಿ ನೋಡದೆ ಕ್ಯಾನಿನ ಬಗ್ಗೆ, ಕೇಳಿ ತಿಳಿಯದೆ ಮನುಷ್ಯರ ಬಗ್ಗೆ ತೀರ್ಪು ಕೊಡಬಾರದು.

ಮೇಲ್ನೋಟಕ್ಕೇ ನೀವು ಯಾರ ಹಾಲನ್ನು ಚರಂಡಿಗೆ ಸುರಿದಿದ್ದೀರಿ... ತಪ್ಪಾಯ್ತು ಅನ್ನಲು ಹೊತ್ತು ಮೀರಿಲ್ಲ ತಾನೇ?